ಓತಿಕ್ಯಾತಕ್ಕೆ ಅಂಟಿದ ಎರಡು ಅಪವಾದಗಳು

ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನ ಬಿಸಿಲು ಕಾದರೆ ಸಾಕು, ನಮ್ಮ ಹಳ್ಳಿಗಳ ಬೇಲಿಗೂಟಗಳ ಮೇಲೆ ಕೆಂಪು ತಲೆಯ ಓತಿಕ್ಯಾತಗಳು ಕಾಣಿಸಿಕೊಳ್ಳುತ್ತವೆ. ನಿನ್ನೆಯವರೆಗೆ ಒಣಕಡ್ಡಿಯ ಬಣ್ಣದಲ್ಲಿದ್ದ ಪ್ರಾಣಿ ಇವತ್ತು ಕತ್ತಿನವರೆಗೆ ಕುಂಕುಮ ಮೆತ್ತಿಕೊಂಡಂತೆ ಕೂತಿರುತ್ತದೆ. ಗರಡಿಮನೆ ಪೈಲ್ವಾನನಂತೆ ಮುಂಗಾಲು ಊರಿ ದಂಡ ಹೊಡೆಯುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಅದನ್ನು ಕಂಡ ಹುಡುಗರ ಕೈ ತಾನಾಗಿ ಕಲ್ಲಿನ ಕಡೆ ಹೋಗುತ್ತದೆ.

ಯಾಕೋ ಹೊಡೀತೀಯ ಎಂದು ಕೇಳಿ ನೋಡಿ. "ಅದು ರಕ್ತ ಹೀರುತ್ತೆ" ಎನ್ನುತ್ತಾನೆ. ದೊಡ್ಡವರನ್ನು ಕೇಳಿದರೆ ಇನ್ನೊಂದು ಮಾತು ಬರುತ್ತದೆ: "ಬಣ್ಣ ಬದಲಿಸೋ ಪ್ರಾಣಿ, ನಂಬೋ ಹಾಗಿಲ್ಲ."

ಹೀಗೆ ಓತಿಕ್ಯಾತದ ಮೇಲೆ ಎರಡು ಅಪವಾದಗಳಿವೆ. ಒಂದು, ಅದು ರಕ್ತ ಹೀರುತ್ತದೆ. ಇನ್ನೊಂದು, ಅದು ಮೋಸ ಮಾಡಲು ಬಣ್ಣ ಬದಲಿಸುತ್ತದೆ. ಈ ಮಾತುಗಳು ಎಲ್ಲಿಂದ ಬಂದವು, ಅವುಗಳಲ್ಲಿ ಎಷ್ಟು ಹುರುಳಿದೆ ಎಂದು ನಾವು ಇಲ್ಲಿ ನೋಡುತ್ತೇವೆ. ಪುರಾಣದ ಬಾವಿಯಿಂದ ಹೊರಟು ಧಾರವಾಡ, ಬೆಂಗಳೂರಿನ ಪ್ರಯೋಗಾಲಯಗಳವರೆಗೆ ಹೋಗಿ, ಮತ್ತೆ ನಮ್ಮ ಹೊಲದ ಬೇಲಿಗೇ ಬರುವ ಕಥೆ ಇದು.

ಹೆಸರು ಬಹಳ ಹಳೆಯದು

ನಾವು ಓತಿ, ಓತಿಕ್ಯಾತ, ಓತಿಕೇತ ಎನ್ನುತ್ತೇವೆ. ತಮಿಳರು ಓಂದಿ, ಓಣಾನ್ ಎನ್ನುತ್ತಾರೆ. ಮಲಯಾಳಿಗಳು ಓಂದ್ ಎನ್ನುತ್ತಾರೆ. ಎಲ್ಲವೂ ಒಂದೇ ಬೇರಿನ ಮಾತುಗಳು. ಅಂದರೆ ಈ ಭಾಷೆಗಳು ಪಾಲಾಗಿ ಬೇರೆ ಬೇರೆ ಮನೆ ಹೂಡುವ ಮೊದಲೇ ಈ ನೆಲದ ಜನ ಓತಿಗೆ ಹೆಸರಿಟ್ಟಿದ್ದರು. ದನ, ನಾಯಿ, ಕಾಗೆಗಳ ಹಾಗೆ ಓತಿಯೂ ಅವರ ದಿನನಿತ್ಯದ ನೆರೆಹೊರೆಯಾಗಿತ್ತು.

ಸಂಸ್ಕೃತದಲ್ಲಿ ಇದಕ್ಕೆ ಕೃಕಲಾಸ, ಸರಟ ಎಂಬ ಹೆಸರುಗಳಿವೆ. ಸರಟವೇ ಮರಾಠಿಗೆ ಹೋಗಿ ಸರಡಾ ಆಯಿತು. ಗಂಟಲಿನ ಬಣ್ಣದ ಬೀಸಣಿಗೆ ಬಿಚ್ಚುವ ಓತಿಗಳು ಬಯಲುಸೀಮೆಯಲ್ಲಿ ಇವೆಯಲ್ಲ, ಅವುಗಳಲ್ಲಿ ಒಂದು ಹೊಸ ಕುಲವನ್ನು 2016ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ 'ಸರಡಾ' ಎಂದೇ ಹೆಸರಿಟ್ಟರು. ಹಳ್ಳಿಯ ಮಾತು ಹಾಗೇ ವಿಜ್ಞಾನದ ಪುಸ್ತಕಕ್ಕೆ ಹತ್ತಿತು.

ಕನ್ನಡದ ಗಾದೆಯಲ್ಲೂ ಓತಿಗೆ ಜಾಗ ಇದೆ. "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ" ಎನ್ನುತ್ತೇವೆ. ಒಬ್ಬ ಹೇಳಿದ್ದಕ್ಕೆ ಅವನ ಕಡೆಯವನೇ ಹೂಂಗುಟ್ಟಿದಾಗ ಪಂಚಾಯಿತಿ ಕಟ್ಟೆಯಲ್ಲಿ ಬೀಳುವ ಮಾತಿದು. ಗಾದೆ ಹುಟ್ಟಿದ ಕಾಲಕ್ಕೇ ಓತಿಯನ್ನು ಸ್ವಲ್ಪ ಅನುಮಾನದಿಂದ ನೋಡುತ್ತಿದ್ದರು ಅನ್ನಿಸುತ್ತದೆ.

ಕುಬೇರನ ವರ, ನೃಗನ ಶಾಪ

ಪುರಾಣಗಳಲ್ಲಿ ಓತಿಯ ಕಥೆ ಎರಡು ಬಗೆ. ಒಂದರಲ್ಲಿ ಅದಕ್ಕೆ ಮರ್ಯಾದೆ, ಇನ್ನೊಂದರಲ್ಲಿ ಅದೇ ಶಿಕ್ಷೆ.

ಮರ್ಯಾದೆಯ ಕಥೆ ರಾಮಾಯಣದ ಉತ್ತರಕಾಂಡದಲ್ಲಿದೆ. ಮರುತ್ತ ಎಂಬ ರಾಜ ಯಜ್ಞ ಮಾಡುತ್ತಿದ್ದಾಗ ರಾವಣ ಅಲ್ಲಿಗೆ ನುಗ್ಗುತ್ತಾನೆ. ಹವಿಸ್ಸಿಗೆ ಬಂದಿದ್ದ ದೇವತೆಗಳು ಹೆದರಿ ಪ್ರಾಣಿ ಪಕ್ಷಿಗಳ ರೂಪ ತಾಳುತ್ತಾರೆ. ಇಂದ್ರ ನವಿಲಾದ, ಯಮ ಕಾಗೆಯಾದ, ವರುಣ ಹಂಸವಾದ. ಸಂಪತ್ತಿನ ಒಡೆಯ ಕುಬೇರ ಓತಿಯಾದ. ರಾವಣ ಹೋದ ಮೇಲೆ ಆಯಾ ದೇವರು ತಮ್ಮನ್ನು ಕಾಪಾಡಿದ ಆಯಾ ಜೀವಿಗೆ ವರ ಕೊಟ್ಟರು. ಕುಬೇರ ಓತಿಗೆ ಕೊಟ್ಟದ್ದು ಬಂಗಾರದ ಬಣ್ಣದ ತಲೆ. ಕಥೆ ಕಟ್ಟಿದವರು ಗಂಡು ಓತಿಯ ತಲೆ ಹೊಂಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ನೋಡಿರಬೇಕು. ನೋಡದೆ ಇಂಥ ವರ ಹೊಳೆಯುವುದು ಕಷ್ಟ.

ಶಿಕ್ಷೆಯ ಕಥೆ ನೃಗ ಮಹಾರಾಜನದು. ಮಹಾಭಾರತದಲ್ಲೂ ಭಾಗವತದಲ್ಲೂ ಬರುತ್ತದೆ. ನೃಗ ಲೆಕ್ಕವಿಲ್ಲದಷ್ಟು ಗೋದಾನ ಮಾಡಿದವನು. ಒಬ್ಬರಿಗೆ ಕೊಟ್ಟ ಹಸು ತಪ್ಪಿಸಿಕೊಂಡು ಬಂದು ಅರಮನೆಯ ಹಿಂಡಿಗೆ ಸೇರಿತು. ಗೊತ್ತಾಗದೆ ಅದನ್ನೇ ಇನ್ನೊಬ್ಬರಿಗೆ ಕೊಟ್ಟ. ಇಬ್ಬರಿಗೂ ಜಗಳ ಬಿತ್ತು, ರಾಜ ಅದನ್ನು ಬಗೆಹರಿಸಲಾಗಲಿಲ್ಲ. ಆ ದೋಷಕ್ಕೆ ದೊಡ್ಡ ಓತಿಯಾಗಿ ಪಾಳುಬಾವಿಯಲ್ಲಿ ಬಿದ್ದಿದ್ದ. ಕೊನೆಗೆ ಕೃಷ್ಣ ಮೇಲೆತ್ತಿ ಬಿಡುಗಡೆ ಮಾಡಿದ. ದಾನ ಕೊಟ್ಟ ಹಸುವಿನ ಲೆಕ್ಕ ತಪ್ಪಿದರೂ ರಾಜ ಹೊಣೆ ಎಂಬ ನೀತಿ ಅದರಲ್ಲಿದೆ. ಆದರೆ ಓತಿಯ ಪಾಲಿಗೆ ಉಳಿದದ್ದು ಇಷ್ಟೇ: ಅದರ ಜನ್ಮವೇ ಒಂದು ಶಿಕ್ಷೆ.

ಪುರಾಣದ ಜೊತೆಗೆ ಶಕುನ ಶಾಸ್ತ್ರವೂ ಸೇರಿಕೊಂಡಿತು. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ನೋಡುತ್ತೇವಲ್ಲ, ಹಾಗೇ ಓತಿ ಮೈಮೇಲೆ ಹತ್ತಿದರೆ ಏನು ಎಂದು ಹೇಳುವ ಭಾಗಕ್ಕೆ ಸರಟಾರೋಹಣ ಎನ್ನುತ್ತಾರೆ. ಹೀಗೆ ಬಂಗಾರದ ತಲೆಯ ಪ್ರಾಣಿ ನಿಧಾನವಾಗಿ ಅಂಜಿಕೆಯ ಪ್ರಾಣಿಯಾಯಿತು.

ಮೊದಲ ಅಪವಾದ: ರಕ್ತ ಹೀರುತ್ತದೆ

ಈ ನಂಬಿಕೆ ಕರ್ನಾಟಕದಲ್ಲಿ ಮಾತ್ರ ಇಲ್ಲ. ಕೇರಳದಲ್ಲಿ ಓಂದ್ ದೂರದಿಂದಲೇ ಹೊಕ್ಕುಳಿನ ಮೂಲಕ ರಕ್ತ ಎಳೆಯುತ್ತದೆ ಎಂದು ಮಕ್ಕಳು ಹೊಟ್ಟೆ ಮುಚ್ಚಿಕೊಳ್ಳುತ್ತಿದ್ದರು. ಇಂಗ್ಲಿಷರೂ ಇದನ್ನು ಕರೆದದ್ದು 'ಬ್ಲಡ್ ಸಕ್ಕರ್' ಎಂದೇ. ಅಂದರೆ ರಕ್ತ ಹೀರುಕ.

ಇಂಗ್ಲಿಷರ ಆ ಹೆಸರಿನ ಜಾಡು ನಮಗೆ ಒಂದು ಹಳೆಯ ನಿಘಂಟಿನಲ್ಲಿ ಸಿಗುತ್ತದೆ. ಭಾರತದಲ್ಲಿದ್ದ ಇಂಗ್ಲಿಷರು ಬಳಸುತ್ತಿದ್ದ ವಿಚಿತ್ರ ಪದಗಳನ್ನೆಲ್ಲ ಕೂಡಿಸಿ 1886ರಲ್ಲಿ 'ಹಾಬ್ಸನ್-ಜಾಬ್ಸನ್' ಎಂಬ ಪುಸ್ತಕ ಬಂತು. ಬರೆದವರು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಈ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು. ಅವರ ಪುಸ್ತಕದಲ್ಲಿ ಬ್ಲಡ್ ಸಕ್ಕರ್ ಎಂಬ ಪದಕ್ಕೆ ಕೊಟ್ಟ ವಿವರಣೆ ನೇರವಾಗಿದೆ. ಇದು ಯಾರಿಗೂ ತೊಂದರೆ ಕೊಡದ ಹಲ್ಲಿ ಜಾತಿ, ಕೆರಳಿದಾಗ ಕುತ್ತಿಗೆಯ ಭಾಗ ಕಡುಗೆಂಪಾಗುವುದರಿಂದ ಈ ಹೆಸರು ಬಂತು ಎಂದಷ್ಟೇ ಅದರ ಅರ್ಥ. ಅಂದರೆ ಹೆಚ್ಚು ಕಡಿಮೆ 140 ವರ್ಷದ ಹಿಂದೆಯೇ ಇದು ಬರೀ ಹೆಸರು, ಓತಿ ರಕ್ತ ಮುಟ್ಟುವುದಿಲ್ಲ ಎಂದು ಅಚ್ಚಾಗಿತ್ತು.

ನಂಬಿಕೆ ಹುಟ್ಟಿದ್ದು ಹೇಗೆ ಎಂದು ಊಹಿಸುವುದು ಕಷ್ಟವಲ್ಲ. ಓತಿ ನಿಮ್ಮ ಕಡೆ ನೆಟ್ಟ ನೋಟದಿಂದ ನೋಡುತ್ತದೆ. ಏನನ್ನೋ ಗುಟುಕರಿಸುವಂತೆ ತಲೆ ಆಡಿಸುತ್ತದೆ. ನೋಡನೋಡುತ್ತಿದ್ದಂತೆ ಗಂಟಲು ಕೆಂಪೇರುತ್ತದೆ. ಕಂಡದ್ದೆಲ್ಲ ನಿಜ. ಅದಕ್ಕೆ ಕಟ್ಟಿದ ಅರ್ಥ ಮಾತ್ರ ತಪ್ಪು. ಆ ಕೆಂಪು ಅದರ ಚರ್ಮದ ಬಣ್ಣ. ಓತಿಗೆ ವಿಷವಿಲ್ಲ. ಅದರ ಊಟ ಇರುವೆ, ಮಿಡತೆ, ಜೀರುಂಡೆ, ಕಂಬಳಿಹುಳ, ದುಂಬಿ. ಕೈಯಲ್ಲಿ ಹಿಡಿದರೆ ಹೆದರಿ ಕಚ್ಚಬಹುದು, ಅಷ್ಟೇ.

ಪ್ಯಾರಿಸ್‌ನಲ್ಲಿ ಸಿಕ್ಕ ಹೆಸರು

ನಮ್ಮ ಬೇಲಿಯ ಓತಿಗೆ ವಿಜ್ಞಾನದ ಹೆಸರು ಕೊಟ್ಟವರು ಫ್ರಾನ್ಸಿನ ಫ್ರಾಂಸ್ವಾ ಮಾರಿ ದೋದ್ಯಾಂ. ಚಿಕ್ಕಂದಿನಲ್ಲೇ ಕಾಲುಗಳ ಬಲ ಕಳೆದುಕೊಂಡಿದ್ದ ಅವರು ಕಾಡು ಸುತ್ತಿದವರಲ್ಲ. ಪ್ಯಾರಿಸ್‌ನಲ್ಲಿ ಕೂತು, ದೂರದ ದೇಶಗಳಿಂದ ಬಂದ ಮಾದರಿಗಳನ್ನು ನೋಡಿ ಹಾವು, ಹಲ್ಲಿ, ಕಪ್ಪೆಗಳ ಬಗ್ಗೆ ದೊಡ್ಡ ಸಂಪುಟಗಳನ್ನು ಬರೆದರು. 1802ರಲ್ಲಿ ಈ ಓತಿಗೆ 'ವರ್ಸಿಕಲರ್' ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಬಗೆಬಗೆ ಬಣ್ಣದ್ದು. ಮರುವರ್ಷ, ಇನ್ನೂ ಮೂವತ್ತು ತುಂಬುವ ಮೊದಲೇ, ತೀರಿಕೊಂಡರು.

ಆಮೇಲೆ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಕ್ಯುವಿಯೇ ಈ ಓತಿಗಳ ಕುಲಕ್ಕೆ 'ಕ್ಯಾಲೋಟಿಸ್' ಎಂಬ ಹೆಸರು ತಂದರು. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಅರ್ಥ ಚೆಲುವು. ಎರಡೂ ಸೇರಿ 'ಕ್ಯಾಲೋಟಿಸ್ ವರ್ಸಿಕಲರ್'. ಕನ್ನಡದಲ್ಲಿ ಹೇಳಬೇಕೆಂದರೆ 'ಬಣ್ಣಬಣ್ಣದ ಚೆಲುವ'. ನಾವು ಕಲ್ಲು ಹೊಡೆಯುವ ಪ್ರಾಣಿಗೆ ಜಗತ್ತು ಇಟ್ಟ ಹೆಸರು ಇದು.

ಪಾಕಿಸ್ತಾನದಿಂದ ಆಗ್ನೇಯ ಏಷ್ಯಾದವರೆಗೆ ಇರುವುದೆಲ್ಲ ಒಂದೇ ಜಾತಿ ಎಂದು ಸುಮಾರು 200 ವರ್ಷ ಅಂದುಕೊಂಡಿದ್ದರು. 2021ರಲ್ಲಿ ದಕ್ಷಿಣ ಏಷ್ಯಾದ ಓತಿಗಳ ವಂಶವಾಹಿ ಪರೀಕ್ಷೆ ಮಾಡಿದ ತಂಡವೊಂದು ಇದು ಒಂದಲ್ಲ, ಹಲವು ಜಾತಿ ಎಂದು ತೋರಿಸಿತು. ದಕ್ಷಿಣ ಭಾರತದ ನಮ್ಮ ಓತಿಗೆ ಹಳೆಯ ಹೆಸರೇ ಉಳಿಯಿತು. ಉಳಿದ ಕಡೆಯವಕ್ಕೆ ಬೇರೆ ಹೆಸರುಗಳಾದವು. ಎಲ್ಲರೂ ದಿನಾ ನೋಡುವ ಪ್ರಾಣಿಯ ಬಗ್ಗೆಯೂ ಇಷ್ಟು ತಡವಾಗಿ ಹೊಸ ಸಂಗತಿ ತಿಳಿಯುತ್ತದೆ.

ಎರಡನೇ ಅಪವಾದ: ಮೋಸಕ್ಕೆ ಬಣ್ಣ ಬದಲಿಸುತ್ತದೆ

ಇದು ಮೊದಲನೆಯದಕ್ಕಿಂತ ಗಟ್ಟಿಯಾಗಿ ಕೂತಿದೆ. ಪಕ್ಷ ಬಿಟ್ಟ ರಾಜಕಾರಣಿಯನ್ನು ಗೋಸುಂಬೆ ಎನ್ನುತ್ತೇವೆ, ಊಸರವಳ್ಳಿ ಎನ್ನುತ್ತೇವೆ. ರಷ್ಯಾದ ಚೆಕೊವ್ ಕೂಡ ಸಾಹೇಬರ ನಾಯಿಯೋ ಬೀದಿನಾಯಿಯೋ ಎಂದು ನೋಡಿಕೊಂಡು ಮಾತು ತಿರುಗಿಸುವ ಪೊಲೀಸ್ ಅಧಿಕಾರಿಯ ಕಥೆಗೆ 1884ರಲ್ಲಿ 'ಊಸರವಳ್ಳಿ' ಎಂದೇ ಹೆಸರಿಟ್ಟರು. ನಮ್ಮ ದೇಶದಲ್ಲಿ 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. 'ಆಯಾ ರಾಮ್ ಗಯಾ ರಾಮ್' ಎಂಬ ಮಾತು ಆಗ ಹುಟ್ಟಿತು. ಇಂಥದ್ದಕ್ಕೆ ಕಡಿವಾಣ ಹಾಕಲು 1985ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಪಕ್ಷಾಂತರ ನಿಷೇಧದ ನಿಯಮ ಬಂತು. ಚುನಾವಣೆ ಬಂದಾಗಲೆಲ್ಲ ಈ ಬಡ ಪ್ರಾಣಿಯ ಹೆಸರು ಪತ್ರಿಕೆಗಳ ತಲೆಬರಹದಲ್ಲಿ ಬರುತ್ತಲೇ ಇದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಊಸರವಳ್ಳಿ ಬೇರೆ, ಓತಿಕ್ಯಾತ ಬೇರೆ. ಗೋಸುಂಬೆ ಎಂಬ ಮಾತನ್ನು ಕೆಲವು ಊರುಗಳಲ್ಲಿ ಅದಕ್ಕೂ ಇದಕ್ಕೂ ಹೇಳುತ್ತಾರೆ. ಊಸರವಳ್ಳಿಯ ಕಾಲು ಇಕ್ಕಳದಂತೆ ಕೊಂಬೆ ಹಿಡಿಯುತ್ತದೆ. ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡುತ್ತದೆ. ಬಾಲ ಸುರುಳಿ ಸುತ್ತುತ್ತದೆ. ನಾಲಿಗೆ ಬಾಣದಂತೆ ಚಿಮ್ಮುತ್ತದೆ. ನಡಿಗೆ ಬಹಳ ನಿಧಾನ. ಬೇಲಿಯ ಮೇಲೆ ಸರಕ್ಕನೆ ಓಡುವುದು ಓತಿ. ಊಸರವಳ್ಳಿ ಕಾಣಸಿಗುವುದು ಅಪರೂಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಹಿಡಿದು ಆಡಿಸುವುದು ಅಪರಾಧ.

ಎರಡರ ಬಗ್ಗೆಯೂ ಇರುವ ತಪ್ಪು ತಿಳಿವಳಿಕೆ ಮಾತ್ರ ಒಂದೇ. ಕೂತ ಜಾಗದ ಬಣ್ಣವನ್ನೇ ತಾಳಿ ಅಡಗಿಕೊಳ್ಳುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಕೆಂಪು ಬಟ್ಟೆಯ ಮೇಲೆ ಬಿಟ್ಟರೆ ಕೆಂಪು, ಹಸಿರು ಬಟ್ಟೆಯ ಮೇಲೆ ಹಸಿರು ಆಗುವುದಿಲ್ಲ. ಓತಿಯ ಮಾಮೂಲಿ ಕಂದು ಬಣ್ಣ ಅದನ್ನು ಒಣಕಡ್ಡಿಗಳ ನಡುವೆ ಮರೆಮಾಡುತ್ತದೆ, ಅದು ನಿಜ. ಆದರೆ ಬಣ್ಣ ಬದಲಾಗುವುದು ಹೆಚ್ಚಾಗಿ ಬೇರೆ ಕಾರಣಗಳಿಗೆ: ಬಿಸಿಲು, ಭಯ, ಸಿಟ್ಟು, ಬೆದೆ.

ಅದರ ಚರ್ಮದಲ್ಲಿ ಬಣ್ಣದ ಕೋಶಗಳು ಪದರ ಪದರವಾಗಿವೆ. ಕೆಲವಲ್ಲಿ ಹಳದಿ, ಕೆಂಪು ಬಣ್ಣ. ಕೆಲವಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಸಣ್ಣ ಹರಳುಗಳು. ಕೆಳಗಿನ ಪದರದ ಕೋಶಗಳಲ್ಲಿ ಕಪ್ಪು ಕಣಗಳು. ಆ ಕಪ್ಪು ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಮುದುಡಿದರೆ ತಿಳಿಯಾಗುತ್ತದೆ. ಮೈಯ ಒಳಗಿನ ಹಾರ್ಮೋನು ಮತ್ತು ನರಗಳು ಇದನ್ನು ನಡೆಸುತ್ತವೆ. ಬೆಳಗಿನ ಚಳಿಯಲ್ಲಿ ಓತಿ ಗಾಢ ಬಣ್ಣದಲ್ಲಿರುವುದು ಬಿಸಿಲಿನ ಕಾವು ಬೇಗ ಹೀರಲು. ನಾವು ಚಳಿಗೆ ಕರಿ ಕಂಬಳಿ ಹೊದ್ದು ಬಿಸಿಲಿಗೆ ಕೂತ ಹಾಗೆ.

ಇನ್ನು ಮುಂಗಾರಿನ ಕೆಂಪು ತಲೆ. ಅದು ಅಡಗಿಕೊಳ್ಳುವ ಬಣ್ಣ ಆಗಲು ಸಾಧ್ಯವೇ ಇಲ್ಲ. ಬೇಲಿಯ ತುದಿಗೆ ಹತ್ತಿ, ಎಲ್ಲರಿಗೂ ಕಾಣುವಂತೆ ಕೂತು, ಗಂಡು ಓತಿ ಸಾರುತ್ತದೆ: ಈ ಜಾಗ ನನ್ನದು, ನಾನು ಇಲ್ಲಿದ್ದೇನೆ. ಹೆಣ್ಣಿಗೆ ಅದು ಕರೆ, ಇನ್ನೊಂದು ಗಂಡಿಗೆ ಎಚ್ಚರಿಕೆ. ಜಗಳದಲ್ಲಿ ಸೋತ ಗಂಡಿನ ಬಣ್ಣ ಅಲ್ಲೇ ಇಳಿದುಹೋಗುತ್ತದೆ. ಕಾಗೆ, ಗಿಡುಗ, ಕೆಂಬೂತಗಳ ಕಣ್ಣಿಗೂ ಬೀಳುವ ಅಪಾಯ ಹೊತ್ತುಕೊಂಡೇ ಅದು ಹೀಗೆ ತೋರಿಸಿಕೊಳ್ಳುತ್ತದೆ. ರಾಜಕಾರಣಿ ಬಣ್ಣ ಬದಲಿಸುವುದು ಒಳಗಿನದನ್ನು ಮುಚ್ಚಲು. ಓತಿ ಬಣ್ಣ ಬದಲಿಸುವುದು ಒಳಗಿನದನ್ನು ತೋರಿಸಲು. ಹೋಲಿಕೆಯಿಂದ ಅನ್ಯಾಯವಾಗಿರುವುದು ಓತಿಗೆ.

ಕಲ್ಲುಬಂಡೆಯ ಓತಿಯ ಪಾಠ

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಕಡೆಯ ಬಂಡೆಗಳ ಮೇಲೆ ಇನ್ನೊಂದು ಓತಿ ಇದೆ. ಕಲ್ಲು ಓತಿ ಎನ್ನಬಹುದು. ಬೆದೆಯ ಕಾಲದಲ್ಲಿ ಗಂಡಿನ ಬೆನ್ನು ಕೆಂಪೋ ಹಳದಿಯೋ ಆಗಿ, ಪಕ್ಕೆಗಳು ಕಪ್ಪಾಗಿ ದೂರದಿಂದಲೇ ಹೊಳೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ವರ್ಷಗಟ್ಟಲೆ ನೋಡಿದ್ದಾರೆ. ಹೆಣ್ಣಿನ ಮುಂದೆ ಒಂದು ಬಣ್ಣದ ಜೋಡಿ, ಎದುರಾಳಿ ಗಂಡಿನ ಮುಂದೆ ಇನ್ನೊಂದು ಎಂದು 2017ರಲ್ಲಿ ಪ್ರಕಟಿಸಿದರು. ಹೆಣ್ಣನ್ನು ಒಲಿಸುವಾಗ ಬಣ್ಣ ಎದ್ದು ಕಾಣುವುದು ಮುಖ್ಯ, ಜಗಳದಲ್ಲಿ ಬಣ್ಣ ಬೇಗ ಬದಲಾಗುವುದು ಮುಖ್ಯ. ಅಂದರೆ ಬಣ್ಣ ಅವಕ್ಕೆ ಮಾತಿನ ಹಾಗೆ. ಯಾರ ಮುಂದೆ ಏನು ಹೇಳಬೇಕೋ ಅದನ್ನು ಬಹಿರಂಗವಾಗಿ ಹೇಳುತ್ತವೆ.

ನಗರದ ಅಂಚಿನಲ್ಲಿ ಬದುಕುವ ಕಲ್ಲು ಓತಿಗಳು ಅಪಾಯದಿಂದ ತಪ್ಪಿಸಿಕೊಳ್ಳುವ ಪಾಠವನ್ನು ಹಳ್ಳಿಯವಕ್ಕಿಂತ ಬೇಗ ಕಲಿಯುತ್ತವೆ ಎಂದೂ ಇದೇ ಸಂಸ್ಥೆಯವರು 2019ರಲ್ಲಿ ತೋರಿಸಿದರು. ಸೈಟು, ಲೇಔಟು, ಕಟ್ಟಡಗಳ ನಡುವೆ ಉಳಿಯಬೇಕೆಂದರೆ ಬೇರೆ ದಾರಿ ಇಲ್ಲವಲ್ಲ.

ಧಾರವಾಡದ ಓತಿ ಮಳೆಗೆ ಕಾಯುತ್ತದೆ

ಬೇಲಿಯ ಓತಿಯ ಸಂಸಾರವನ್ನು ಅಕ್ಕರೆಯಿಂದ ಓದಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು. ಪ್ರೊ. ಶ್ರೀನಿವಾಸ ಸೈದಾಪುರ, ಪ್ರೊ. ಭಾಗ್ಯಶ್ರೀ ಶಾನಭಾಗ ಮತ್ತು ಅವರ ಶಿಷ್ಯರು ದಶಕಗಳ ಕಾಲ ಇದರ ಬಗ್ಗೆ ಕೆಲಸ ಮಾಡಿದರು.

ಅವರ ಕೆಲಸದಿಂದ ತಿಳಿದ ಒಂದು ಸಂಗತಿ ರೈತರಿಗೆ ತಕ್ಷಣ ಅರ್ಥವಾಗುತ್ತದೆ. ಹೆಣ್ಣು ಓತಿ ಹಸಿ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ಮಳೆ ಕೈಕೊಟ್ಟು ನೆಲ ಒಣಗಿದ್ದರೆ ಅದು ಮೊಟ್ಟೆ ಇಡುವುದಿಲ್ಲ. ಬಲಿತ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಬೀಜ ಮನೆಯಲ್ಲಿಟ್ಟು ಆಕಾಶ ನೋಡುವ ನಮ್ಮ ರೈತನ ಹಾಗೆ, ಹದ ಬರುವವರೆಗೆ ಬಿತ್ತುವುದಿಲ್ಲ.

ಇನ್ನೊಂದು ಸಂಗತಿ 2012ರಲ್ಲಿ ಪ್ರಕಟವಾಯಿತು. ಈ ಓತಿಯ ಮರಿ ಗಂಡೋ ಹೆಣ್ಣೋ ಎಂಬುದು ಮಣ್ಣಿನ ಕಾವನ್ನು ಅವಲಂಬಿಸುತ್ತದೆ. ಕಾವು ಏರುತ್ತ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂದು ಸರದಿ ಬದಲಾಗುತ್ತದೆ. ಈ ಬಗೆಯ ಸರದಿ ಬೇರೆ ಪ್ರಾಣಿಗಳಲ್ಲಿ ಕಂಡದ್ದಲ್ಲ ಎಂದು ಸಂಶೋಧಕರು ಹೇಳಿದರು. ಎರಡು ಮೂರು ಡಿಗ್ರಿ ಹೆಚ್ಚು ಕಡಿಮೆಯಾದರೂ ಹುಟ್ಟುವ ಮರಿಗಳ ಲೆಕ್ಕ ತಿರುಗಬಹುದು. ಬೇಲಿಯ ನೆರಳಿನಡಿ ಇರುವ ತಂಪು ಮಣ್ಣಿಗೂ ಬಟಾಬಯಲಿನ ಕಾದ ಮಣ್ಣಿಗೂ ಇರುವ ವ್ಯತ್ಯಾಸ ಓತಿಯ ಮಟ್ಟಿಗೆ ಸಣ್ಣದಲ್ಲ.

ಓತಿಯ ಹಿಂದೆ ಹೊರಟ ಕಾದಂಬರಿ

ಕನ್ನಡದಲ್ಲಿ ಓತಿಗೆ ಸಿಕ್ಕ ದೊಡ್ಡ ಮರ್ಯಾದೆ ಎಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ'. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಎಲ್ಲರೂ ಬೆನ್ನು ಹತ್ತುವುದು ಹಾರುವ ಓತಿಯನ್ನು. ಅದನ್ನು ಕಂಡವನು ದೊಡ್ಡ ಓದು ಓದಿದವನಲ್ಲ, ಹಳ್ಳಿಯ ಮಂದಣ್ಣ. ವಿಜ್ಞಾನಿ ಕರ್ವಾಲೋ ಅವನ ಮಾತನ್ನು ನಂಬಿ ಹೊರಡುತ್ತಾರೆ. ಹಾರುವ ಓತಿ ಬರೀ ಕಥೆಯಲ್ಲ. ಪಕ್ಕೆಲುಬುಗಳ ಮೇಲೆ ಚರ್ಮದ ರೆಕ್ಕೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಅದು ಪಶ್ಚಿಮಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇವತ್ತಿಗೂ ಇದೆ. ಊರಿನವರ ಕಣ್ಣು ಬಹಳ ನೋಡಿರುತ್ತದೆ, ಕೇಳುವವರು ಬೇಕು.

ಬೇಲಿ ಹೋದರೆ ಓತಿ ಎಲ್ಲಿ ಹೋಗಬೇಕು

ಈಗ ನಮ್ಮ ಊರಿಗೆ ಬರೋಣ. ಕಳ್ಳಿ, ಕತ್ತಾಳೆ, ಲಂಟಾನ, ಲಕ್ಕಿ, ಗೊಬ್ಬರದ ಗಿಡಗಳ ಜೀವಂತ ಬೇಲಿಗಳು ಒಂದೊಂದಾಗಿ ಹೋಗುತ್ತಿವೆ. ಕಲ್ಲುಕಂಬ, ಮುಳ್ಳುತಂತಿ, ಸೋಲಾರ್ ಬೇಲಿ ಬರುತ್ತಿವೆ. ಬೇಲಿಗಾಗಿ ಬಿಟ್ಟ ಮೂರಡಿ ಜಾಗ ಉಳುಮೆಗೆ ಸೇರುತ್ತಿದೆ. ಬದುವಿನ ಹುಲ್ಲಿಗೆ ಕಳೆನಾಶಕ, ಬೆಳೆಗೆ ಕೀಟನಾಶಕ ಬೀಳುತ್ತಿದೆ. ರೈತನಿಗೆ ಅವನ ಕಷ್ಟ ಅವನಿಗಿದೆ. ಆಳು ಸಿಗುವುದಿಲ್ಲ, ಕಾಡುಹಂದಿಯ ಕಾಟ ತಪ್ಪುವುದಿಲ್ಲ. ನಾವು ಯಾರನ್ನೂ ದೂರುತ್ತಿಲ್ಲ.

ಆದರೆ ತಂತಿಗೆ ನೆರಳಿಲ್ಲ, ಹೂವಿಲ್ಲ, ಹುಳವಿಲ್ಲ. ಅದರ ಬುಡದಲ್ಲಿ ಮೊಟ್ಟೆ ಇಡಲು ತಂಪು ಮಣ್ಣಿಲ್ಲ. ಹುಳ ಸತ್ತರೆ ಓತಿಗೆ ಊಟ ಇಲ್ಲ. ಓತಿ ಇಲ್ಲವಾದರೆ ಅದನ್ನು ತಿಂದು ಬದುಕುವ ಕೆಂಬೂತ, ಗಿಡುಗ, ಕೇರೆಹಾವಿಗೂ ಕಷ್ಟ. ಕೇರೆ ಕಡಿಮೆಯಾದರೆ ಹೊಲದಲ್ಲಿ ಇಲಿ ಹೆಚ್ಚುತ್ತದೆ. ಲೆಕ್ಕ ಸುತ್ತಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಓತಿಕ್ಯಾತಕ್ಕೆ ಸಾಕ್ಷಿ ಹೇಳಲು ಇನ್ನು ಮುಂದೆ ಬೇಲಿಗೂಟವೂ ಇರುವುದಿಲ್ಲ.

ದೊಡ್ಡದೇನೂ ಮಾಡಬೇಕಿಲ್ಲ. ಹೊಲದ ಒಂದು ಬದಿಯಲ್ಲಾದರೂ ಗಿಡದ ಬೇಲಿ ಉಳಿಸಿ. ಹಿತ್ತಲಿನ ಮೂಲೆಯಲ್ಲಿ ಸ್ವಲ್ಪ ಸೊಪ್ಪು ಸದೆ ಹಾಗೇ ಬಿಡಿ, ಅಲ್ಲಿಗೆ ಔಷಧಿ ಹೊಡೆಯಬೇಡಿ. ಕಲ್ಲು ಎತ್ತಿದ ಹುಡುಗನನ್ನು ಗದರುವ ಬದಲು ಪಕ್ಕದಲ್ಲಿ ನಿಲ್ಲಿಸಿಕೊಂಡು ಹತ್ತು ನಿಮಿಷ ಓತಿಯನ್ನು ತೋರಿಸಿ. ಕುತ್ತಿಗೆ ಕೆಂಪೇರುವುದು, ದಂಡ ಹೊಡೆಯುವುದು, ಇನ್ನೊಂದು ಗಂಡು ಬಂದರೆ ಏನಾಗುತ್ತದೆ ಎನ್ನುವುದು ಎಲ್ಲ ಅವನಿಗೇ ಕಾಣುತ್ತದೆ. ಅವನ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಸಿ. ರಕ್ತ ಯಾರದ್ದೂ ಹೋಗಿರುವುದಿಲ್ಲ.